ವಿದೇಶದಲ್ಲಿ ಓದಿದರೆ ಮನಸ್ಸು ತಾನಾಗಿಯೇ ವಿಶಾಲವಾಗುತ್ತದೆಯೇ?

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಮಗೆಲ್ಲ ಗೊತ್ತು. ಹೊರದೇಶದಲ್ಲಿ ಒಂದು ವರ್ಷ ಓದಿ ಬಂದರೆ ಸಾಕು, ಬೇರೆ ಜನರ ಬಗೆಗಿನ ತಪ್ಪು ಕಲ್ಪನೆಗಳೆಲ್ಲ ಹೋಗಿಬಿಡುತ್ತವೆ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ಅರ್ಧ ನಿಜ.

ನಿಜ ಎಷ್ಟು?

ಯುರೋಪಿನ ‘ಎರಾಸ್ಮಸ್’ ಯೋಜನೆ ಇದೇ ನಂಬಿಕೆಯಿಂದ 1987ರಲ್ಲಿ ಶುರುವಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಪರದೇಶದಲ್ಲಿ ಓದಿದರು. ಈಗ ಆ ಸಂಖ್ಯೆ ಲಕ್ಷಗಳಲ್ಲಿದೆ. ಜನರ ನಡುವಿನ ಒಡನಾಟದ ಬಗ್ಗೆ 38 ದೇಶಗಳಲ್ಲಿ ನಡೆದ 515 ಅಧ್ಯಯನಗಳನ್ನು ಮನೋವಿಜ್ಞಾನಿಗಳಾದ ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಾಗುವುದು ಕಂಡುಬಂತು.

ತಪ್ಪು ಎಲ್ಲಿದೆ?

ಪ್ರಯಾಣವೇ ಒಡನಾಟವಲ್ಲ. ಪರದೇಶಕ್ಕೆ ಹೋಗಿಯೂ ನಮ್ಮ ಭಾಷೆಯವರ ಜೊತೆಗೇ ಇದ್ದು, ಅವರೊಂದಿಗೇ ಉಂಡು, ತರಗತಿಯಲ್ಲಿ ಮಾತ್ರ ಬೇರೆಯವರ ಮುಖ ನೋಡಿದರೆ ಬದಲಾಗುವುದು ವಿಳಾಸ ಅಷ್ಟೇ. ಒಡನಾಟ ಚೆನ್ನಾಗಿ ಫಲ ಕೊಡಲು ನಾಲ್ಕು ಅಂಶಗಳು ನೆರವಾಗುತ್ತವೆ ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು:

• ಇಬ್ಬರಿಗೂ ಸಮಾನ ಸ್ಥಾನ
• ಇಬ್ಬರಿಗೂ ಒಂದೇ ಗುರಿ
• ಪೈಪೋಟಿಯ ಬದಲು ಸಹಕಾರ
• ಸಂಸ್ಥೆಯ ಬೆಂಬಲ

ಹಾಗಾಗಿ ಹೊರಗೆ ಓದಲು ಹೋಗುವವರು ಬೇರೆ ದೇಶದವರ ಜೊತೆ ಪ್ರಾಜೆಕ್ಟ್ ಮಾಡಿ, ಆಟದ ತಂಡ ಸೇರಿ, ಒಟ್ಟಿಗೆ ಅಡುಗೆ ಮಾಡಿ. ಬರೀ ಸೆಲ್ಫಿ ಸಾಲದು.

ಇದಕ್ಕೆ ವಿಮಾನ ಹತ್ತಲೇಬೇಕೇ?

ಬೇಡ. ಬೇರೆ ರಾಜ್ಯ, ಬೇರೆ ದೇಶಗಳ ವಿದ್ಯಾರ್ಥಿಗಳು ನಮ್ಮ ಊರುಗಳಿಗೇ ಓದಲು ಬರುತ್ತಾರೆ. ಅವರೊಂದಿಗಿನ ನಂಟು ಎಷ್ಟು ಸೂಕ್ಷ್ಮ ಎಂಬುದನ್ನು ಆಗಸ್ಟ್ 2012ರಲ್ಲಿ ಬೆಂಗಳೂರು ಕಂಡಿದೆ. ಹಲ್ಲೆ ನಡೆಯಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಓದಲು, ದುಡಿಯಲು ಬಂದಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಊರಿಗೆ ಹೊರಟುಬಿಟ್ಟರು. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ 15 ದಿನ ತಡೆ ಹಾಕಬೇಕಾಯಿತು.

ನೆನಪಿಡಿ: ಮನಸ್ಸನ್ನು ಬದಲಿಸುವುದು ಪಾಸ್‌ಪೋರ್ಟ್ ಮುದ್ರೆಯಲ್ಲ, ಸರಿಸಮನಾಗಿ ಕೂತು ಮಾಡಿದ ಕೆಲಸ ಮತ್ತು ಗೆಳೆತನ. ‘ಆ ಊರಿನವರು, ಆ ದೇಶದವರು ಹೀಗೇ’ ಎನ್ನುವ ಸಂದೇಶ ಬಂದರೆ ಮುಂದೆ ಕಳಿಸುವ ಮುನ್ನ ಅಲ್ಲಿನವರೊಬ್ಬರನ್ನು ಕೇಳಿ ನೋಡಿ. ಕೇಳಲು ಅಂಥ ಒಬ್ಬ ಗೆಳೆಯನೂ ಇಲ್ಲವೆಂದರೆ, ಮೊದಲು ಆಗಬೇಕಾದ ಕೆಲಸ ಅದೇ.