ಯಾವ ದಳ ಸೇರಲಿ?

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆಯ ಮುಂಗೋಣೆಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಗೇಟಿನ ಸದ್ದಾಯಿತು. ತಲೆಯೆತ್ತಿ ನೋಡಿದರೆ, ಕೂದಲನ್ನು ತೀರ ಗಿಡ್ಡಕ್ಕೆ ಕತ್ತರಿಸಿಕೊಂಡು ನೆಟ್ಟಗೆ ನಿಂತಿದ್ದ ತರುಣನೊಬ್ಬ. ಗುರುತು ಹತ್ತುವುದಕ್ಕೆ ಒಂದು ಗಳಿಗೆ ಬೇಕಾಯಿತು. ಬಸವೇಶ್ವರನಗರದ ಹುಡುಗ, ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡವೆಂದರೆ ಆಕಳಿಸುತ್ತಿದ್ದವನು. ಈಗ ಡೆಹರಾಡೂನಿನ ಸೈನಿಕ ಅಕಾಡೆಮಿಯಲ್ಲಿ ಅಧಿಕಾರಿಯಾಗಲು ತರಬೇತಿ ಪಡೆಯುತ್ತಿದ್ದಾನೆ. ರಜೆಯ ಮೇಲೆ ಊರಿಗೆ ಬಂದಿದ್ದ.

ಕಾಫಿ ಮುಗಿಯುವವರೆಗೆ ಅದೂ ಇದೂ ಮಾತಾಡಿ, ಆಮೇಲೆ ವಿಷಯಕ್ಕೆ ಬಂದ. ತರಬೇತಿ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬನೂ ತಾನು ಯಾವ ದಳಕ್ಕೆ ಸೇರಬಯಸುತ್ತೇನೆಂದು ಬರೆದುಕೊಡಬೇಕಂತೆ. ಪಡೆದ ಸ್ಥಾನ, ಖಾಲಿಯಿರುವ ಜಾಗ, ತಂದೆ ಅದೇ ರೆಜಿಮೆಂಟಿನಲ್ಲಿದ್ದರೆ ಮಗನಿಗಿರುವ ಹಕ್ಕು, ಇವನ್ನೆಲ್ಲ ನೋಡಿ ಅವರು ಹಂಚುತ್ತಾರಂತೆ. ಇವನ ಮನಸ್ಸು ಪ್ಯಾರಾಚೂಟ್ ರೆಜಿಮೆಂಟು, ಬ್ರಿಗೇಡ್ ಆಫ್ ದಿ ಗಾರ್ಡ್ಸ್, ಇವೆರಡರ ನಡುವೆ ತೂಗಾಡುತ್ತಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಇವನ ತಂದೆಯವರಿಗೆ ಎರಡೂ ಬೇಡ. "ಸಾಮಾನು ಸರಂಜಾಮು ಸಾಗಿಸೋ ಇಲಾಖೆ ಸೇರು, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಾ" ಎಂದಿದ್ದಾರೆ.

"ನೀವು ಹೇಳಿ ಸಾರ್. ಯಾವುದಕ್ಕೆ ಹೆಚ್ಚು ಗೌರವ?"

"ಕನ್ನಡ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇನಪ್ಪ ಇದು?" ಎಂದೆ.

"ಜೋಳವಾಳಿ, ವೇಳೆವಾಳಿ ಅಂತ ಪಾಠ ಮಾಡಿದವರು ನೀವೇ ಅಲ್ಲವೇ ಸಾರ್?"

ಹುಡುಗ ಆಕಳಿಸುತ್ತಲೂ ಪಾಠ ಕೇಳಿದ್ದನೆಂದು ತಿಳಿದು ನನಗೆ ಒಳಗೊಳಗೇ ಸಂತೋಷವಾಯಿತು. ಆದರೆ ಉತ್ತರ ಕೂಡಲೆ ಹೊಳೆಯಲಿಲ್ಲ. ನಮ್ಮ ಪಡುವಣ ಬೆಂಗಳೂರಿಗೆ ಸೈನ್ಯದ ಬಳಕೆ ಕಡಮೆ. ದಂಡು ಇದ್ದದ್ದು ಮೂಡಣದಲ್ಲಿ. ಹಲಸೂರು ಕೆರೆಯ ದಡದ ಮದ್ರಾಸ್ ಸ್ಯಾಪರ್ಸ್ ದಳದ ಕಹಳೆ ರಾಜಾಜಿನಗರದವರೆಗೆ ಕೇಳಿಸುವಂಥದಲ್ಲ. ಇಲ್ಲಿನವರು ಗಿರಣಿ, ಕಾರ್ಖಾನೆ, ಕಚೇರಿ, ಅಂಗಡಿಗಳ ಜನ. "ಮೂರು ದಿನ ಬಿಟ್ಟು ಬಾ" ಎಂದು ಹೇಳಿ ಕಳಿಸಿದೆ. ಆ ಮೂರು ದಿನ ಓದಿಕೊಂಡದ್ದನ್ನು, ನೆನಪು ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡನಾಡಿನಲ್ಲಿ ಆಯ್ದ ಯೋಧರ ಪಡೆಯೆಂದರೆ ಮೊದಲು ನೆನಪಾಗುವವರು ಹೊಯ್ಸಳರ ಗರುಡರು. ಒಡೆಯನ ಜೀವವೇ ತಮ್ಮ ಜೀವವೆಂದು ನೇಮ ತೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವನ್ನು ವಾಚಕರು ನೋಡಿರಬಹುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ, ಅರಸು ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿಯೊಡನೆ, ಸಾವಿರ ಮಂದಿ ವೀರರೊಡನೆ ಪ್ರಾಣಬಿಟ್ಟ ಕಥೆ ಅಲ್ಲಿದೆ. ಜೋಳವಾಳಿಯೆಂದರೆ ತಿಂದ ಅನ್ನದ ಋಣ; ವೇಳೆವಾಳಿಯೆಂದರೆ ಸಮಯಕ್ಕೆ ಪ್ರಾಣ ಒಪ್ಪಿಸುವ ಮಾತು. ಎರಡರಲ್ಲಿಯೂ ಕಟ್ಟು ಒಬ್ಬ ಒಡೆಯನಿಗೆ. ಅಲ್ಲಿ ಯೋಧ ಆರಿಸಿಕೊಂಡದ್ದು ದಳವನ್ನಲ್ಲ, ಒಡೆಯನನ್ನು.

ಇನ್ನು ನಮ್ಮ ಕಾಲಕ್ಕೆ ಹತ್ತಿರದ ಮಾತು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನ ಸೈನಿಕ ತರಗತಿಯಿಂದ ಅಧಿಕಾರಿಯಾಗಿ ಹೊರಬಂದರು. ಅವರನ್ನು ಮೊದಲು ಕರ್ನಾಟಿಕ್ ಪದಾತಿಗೆ, ಅನಂತರ ನೇಪಿಯರ್ ರೈಫಲ್ಸಿಗೆ, ಡೋಗ್ರಾ ದಳಕ್ಕೆ ಹಾಕಿ, ಕೊನೆಗೆ 1923ರಲ್ಲಿ ಏಳನೆಯ ರಜಪೂತ್ ರೆಜಿಮೆಂಟಿನ ಮೊದಲನೆಯ ಬೆಟಾಲಿಯನ್ನಿಗೆ ಕಳಿಸಿದರು. ಹಾಕಿದ ಕಡೆ ಹೋದರೇ ಹೊರತು ಆರಿಸಿಕೊಂಡು ಹೋದದ್ದಲ್ಲ.

ಅದೇ 1923ರ ಫೆಬ್ರವರಿಯಲ್ಲಿ ದಂಡನಾಯಕ ಲಾರ್ಡ್ ರಾಲಿನ್‌ಸನ್ ಒಂದು ಯೋಜನೆಯನ್ನು ಸಾರಿದರು. ಭಾರತೀಯ ಅಧಿಕಾರಿಗಳಿಗೆಂದು ಎಂಟು ದಳಗಳನ್ನು ಗೊತ್ತುಮಾಡಲಾಯಿತು: ಎರಡು ಅಶ್ವದಳ, ಆರು ಬೆಟಾಲಿಯನ್. ಹೆಸರಿಗೆ ಭಾರತೀಕರಣ. ಒಳಗಿನ ಮರ್ಮ ಬೇರೆ: ಬಿಳಿಯ ಅಧಿಕಾರಿ ಕಂದುಬಣ್ಣದವನ ಕೈಕೆಳಗೆ ದುಡಿಯಬೇಕಾದ ಪ್ರಸಂಗ ಬಾರದಿರಲೆಂದು ಕಟ್ಟಿದ ಬೇಲಿ. ಉಳಿದ ದಳಗಳ ಬಾಗಿಲು ಮುಚ್ಚಿತು. ಊಟದ ಪಂಕ್ತಿಯಲ್ಲಿ ಕೆಲವರನ್ನು ಬೇರೆ ಕೂರಿಸುವ ಪದ್ಧತಿಯನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಕಾರ್ಯಪ್ಪನವರ ಬೆಟಾಲಿಯನ್ನು ಈ ಎಂಟರಲ್ಲೊಂದು. ಇನ್ನೊಂದು, ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನು.

ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟಿನಿಂದ ಬಂದಾಗ, ಪದ್ಧತಿಯಂತೆ ಮೊದಲು ಒಂದು ಬ್ರಿಟಿಷ್ ದಳದಲ್ಲಿ ಕಾಲ ಕಳೆದರು. ಅದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ. ಆಗ ಬೀಡುಬಿಟ್ಟಿದ್ದುದು ನಮ್ಮ ಬೆಂಗಳೂರಿನ ದಂಡಿನಲ್ಲಿಯೇ. ಆಮೇಲೆ ಬಾಗ್ದಾದಿನಲ್ಲಿದ್ದ ಆ ಹೈದರಾಬಾದ್ ಬೆಟಾಲಿಯನ್ನಿಗೆ ಅವರನ್ನು ಕಳಿಸಿದರು. ಹೆಸರಿಗೆ ಹೈದರಾಬಾದ್, ಒಳಗಿದ್ದವರು ಕುಮಾವೂನಿನ ಬೆಟ್ಟದವರು, ಆಹೀರರು, ಜಾಟರು. ಕಾಫಿತೋಟದ ಹುಡುಗ ಅವರ ಮಾತು ಕಲಿಯಬೇಕು, ಅವರ ಹಬ್ಬಗಳಲ್ಲಿ ಕೂಡಬೇಕು. ಮಹಾಯುದ್ಧದಲ್ಲಿ ಅವರ ಕೈಗೆ ಬಂದುದು ಅದೇ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನು. ಯುದ್ಧಕ್ಕೆಂದೇ ಹೊಸದಾಗಿ ಕೂಡಿಸಿದ್ದು. ಹಳೆಯ ಬಿರುದಿಲ್ಲ, ಬಾವುಟಗಳ ಸಾಲಿಲ್ಲ. ಅದನ್ನು ಕಟ್ಟಿಕೊಂಡೇ 1945ರಲ್ಲಿ ಬರ್ಮಾದ ಕಾಂಗಾವಿನಲ್ಲಿ ಕಾದಾಡಿ ಡಿ. ಎಸ್. ಓ. ಪದಕ ಪಡೆದರು.

ಸ್ವಾರಸ್ಯವಿರುವುದು ಮುಂದೆ. ಬೇಲಿಯೊಳಗೆ ಕೂಡಿಟ್ಟ ಆ ಎಂಟು ದಳಗಳಿಂದಲೇ ಸ್ವತಂತ್ರ ಭಾರತದ ಸೇನೆಯ ಮುಖಂಡರು ಬಂದರು. ಕಾರ್ಯಪ್ಪನವರು 1949ರ ಜನವರಿ 15ರಂದು ಮೊದಲ ಭಾರತೀಯ ದಂಡನಾಯಕರಾದರು. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಹೈದರಾಬಾದ್ ರೆಜಿಮೆಂಟಿಗೆ 1945ರಲ್ಲಿ ಕುಮಾವೂ ಎಂದು ಹೆಸರಾಯಿತು. ಅದರ ನಾಲ್ಕನೆಯ ಬೆಟಾಲಿಯನ್ನಿನ ಮೇಜರ್ ಸೋಮನಾಥ ಶರ್ಮಾ 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ, ಕೈಗೆ ಹಾಕಿದ್ದ ಗಾರೆಪಟ್ಟಿಯ ಸಮೇತ ಕಾದಿ ಮಡಿದರು. ಮೊದಲ ಪರಮವೀರ ಚಕ್ರ ಅವರದು. ಒಂದು ಕಾಲಕ್ಕೆ ಬಿಳಿಯರು ಬೇಡವೆಂದು ಬದಿಗಿಟ್ಟಿದ್ದ ಪಂಕ್ತಿ ಅದು.

ಹುಡುಗನ ಮನಸ್ಸಿನಲ್ಲಿದ್ದ ಎರಡು ದಳಗಳ ಹುಟ್ಟನ್ನೂ ನೋಡಿದೆ. ಗಾರ್ಡ್ಸ್ ದಳವನ್ನು 1949ರಲ್ಲಿ ಕಟ್ಟಿದವರು ಕಾರ್ಯಪ್ಪನವರೇ. ನಮ್ಮ ರಾಜಾಜಿನಗರ ಹುಟ್ಟಿದ್ದೂ ಅದೇ ವರ್ಷ. ಅದುವರೆಗೆ ಪದಾತಿ ದಳಗಳಲ್ಲಿ ಇಂಥ ಜಾತಿಯವರು, ಇಂಥ ಪ್ರಾಂತದವರು ಎಂಬ ಕಟ್ಟು ಇತ್ತು. ಅವರು ಅದನ್ನು ಬಿಟ್ಟು ಎಲ್ಲ ಕಡೆಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಹೆಸರಾಂತ ನಾಲ್ಕು ಹಳೆಯ ಬೆಟಾಲಿಯನ್ನುಗಳನ್ನು ತಂದು ಸೇರಿಸಿದರು. ಅವುಗಳಲ್ಲಿ ತಾವು ಬೆಳೆದ ರಜಪೂತ್ ಬೆಟಾಲಿಯನ್ನೂ ಒಂದು. ಪಂಕ್ತಿಭೇದ ಕಂಡವರು ಪಂಕ್ತಿಯನ್ನೇ ಒಂದು ಮಾಡಿದರು.

ಪ್ಯಾರಾಚೂಟಿನ ಕಥೆಯೂ ಹೀಗೆಯೇ. ಐವತ್ತನೆಯ ಪ್ಯಾರಾಚೂಟ್ ಬ್ರಿಗೇಡು 1941ರಲ್ಲಿ ಆರಂಭವಾಯಿತು. ಆಕಾಶದಿಂದ ಇಳಿಯುವುದಕ್ಕೆಂದು ಆಯ್ದು ತರಿಸಿದ ಆ ಪಡೆ, 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕಿನಲ್ಲಿ ಜಪಾನೀಯರನ್ನು ತಡೆದುನಿಲ್ಲಿಸಿದ್ದು ನೆಲದ ಮೇಲೆ, ಸಾಮಾನ್ಯ ಪದಾತಿಗಳಂತೆ ಹಳ್ಳ ತೋಡಿಕೊಂಡು. ರೆಜಿಮೆಂಟು 1952ರಲ್ಲಿ ರೂಪುಗೊಂಡಾಗ ಅದಕ್ಕೆ ಬಂದ ಮೂರು ಬೆಟಾಲಿಯನ್ನುಗಳು ಪಂಜಾಬ್, ಮರಾಠಾ, ಕುಮಾವೂ ದಳಗಳವು. ಈಗ ಅದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಬುಧವಾರ ಸಂಜೆ ಹುಡುಗ ಬಂದ. ಇಷ್ಟನ್ನೂ ಹೇಳಿ, "ದಳ ಇವರಿಗೆ ಗೌರವ ಕೊಡಲಿಲ್ಲಪ್ಪ, ಇವರೇ ದಳಕ್ಕೆ ಕೊಟ್ಟರು" ಎಂದು ಮುಗಿಸಿದೆ. ಪಾಠ ಚೆನ್ನಾಗಿ ಮಾಡಿದೆನೆಂಬ ಹೆಮ್ಮೆಯೂ ಇತ್ತೆನ್ನಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅವರಿಗೆ ಆರಿಸುವುದಕ್ಕೆ ಬಿಡಲಿಲ್ಲ ಸಾರ್. ನನಗೆ ಬಿಟ್ಟಿದ್ದಾರೆ. ಕಷ್ಟವಾದದ್ದನ್ನು ಬಯಸುವುದು ತಪ್ಪೇ?"

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ತಪ್ಪಲ್ಲವೆಂದು ಒಪ್ಪಿಕೊಂಡೆ. ಆರಿಸಿಕೊಳ್ಳುವ ಹಕ್ಕನ್ನು ಹಿಂದಿನವರು ಬೇಲಿಯೊಳಗೆ ನಿಂತು ಗಳಿಸಿಕೊಟ್ಟಿರುವಾಗ, ಬಳಸಬೇಡವೆನ್ನಲು ನಾನು ಯಾರು? ಆದರೆ ಒಂದು ಮಾತು ಹೇಳಿದೆ. ಪ್ಯಾರಾಚೂಟಿನವರು ಬಂದವರನ್ನೆಲ್ಲ ಇಟ್ಟುಕೊಳ್ಳುವುದಿಲ್ಲ; ಕಠಿಣ ಪರೀಕ್ಷೆಯ ಅವಧಿಯಲ್ಲಿ ತೇರ್ಗಡೆಯಾಗದವರನ್ನು ವಾಪಸು ಕಳಿಸುತ್ತಾರೆ. "ಹಾಗೆ ವಾಪಸು ಬಂದು ಬೇರೊಂದು ದಳದ ಮೂವತ್ತು ಮಂದಿಯ ಮುಂದೆ ನಿಂತಾಗ, 'ನನಗೆ ಸಿಕ್ಕಿದ್ದು ಇಷ್ಟೇ' ಎಂದು ನಿನ್ನ ಮುಖ ಹೇಳಬಾರದು. ಅವರಿಗೆ ನೀನೇ ಅಧಿಕಾರಿ. ಜೋಳವಾಳಿ ಈಗ ಅವರ ಜೊತೆಗೆ."

"ಅಪ್ಪನಿಗೆ ಏನು ಹೇಳಲಿ ಸಾರ್?"

"ಅದನ್ನು ನೀನೇ ಹೇಳಬೇಕು" ಎಂದೆ. ಅದಕ್ಕೆ ಚರಿತ್ರೆಯಲ್ಲಿ ಉತ್ತರ ಸಿಕ್ಕುವುದಿಲ್ಲ.

ರಜೆ ಮುಗಿಸಿ ಅವನು ಹೊರಟುಹೋದ. ಮೊನ್ನೆ ದೂರವಾಣಿಯಲ್ಲಿ ಮಾತಾಡಿದ. ಮೊದಲನೆಯ ಆಯ್ಕೆ ಪ್ಯಾರಾಚೂಟ್ ಎಂದು ಬರೆದನಂತೆ. ಎರಡನೆಯದು ಗಾರ್ಡ್ಸ್ ಇರಬಹುದೆಂದುಕೊಂಡಿದ್ದೆ. ಅಲ್ಲ, ಕುಮಾವೂ. ಸಿಕ್ಕಿದರೂ ಸಿಕ್ಕಲಿ ಎಂದು ಆ ಬೆಟ್ಟದ ಮಾತನ್ನು ಅಡಿಗೆಮನೆಯ ಸಿಪಾಯಿಯೊಬ್ಬನಿಂದ ಕಲಿಯುತ್ತಿದ್ದಾನಂತೆ. ತಂದೆಯವರು ಇನ್ನೂ ಒಪ್ಪಿಲ್ಲ. ಆದರೆ ಅಲ್ಲಿ ಚಳಿ ಹೇಗಿರುತ್ತದೆ ಎಂದು ವಿಚಾರಿಸಿದರಂತೆ.