ಕಟ್ಟೆಯ ಕೆಳಗೆ ಕೇಳಿಸದ ಹಾಡು

ಕಾವೇರಿಯ ಮೇಲೆ ಒಂದು ಹಾಡು ಹೇಳಿ ಎಂದು ಮಂಡ್ಯ ಜಿಲ್ಲೆಯಲ್ಲಿ ಯಾರನ್ನೇ ಕೇಳಿ, 1996ರಲ್ಲಿ ಬಂದ ವಿಷ್ಣುವರ್ಧನ್ ಅವರ 'ಜೀವನದಿ' ಚಿತ್ರದ್ದು ಬಾಯಿಗೆ ಬರುತ್ತದೆ. ಗಣಪತಿ ಕೂರಿಸಿದ ಕಡೆ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ, ರಸ್ತೆ ತಡೆಗೆ ತಂದ ಮೈಕಿನಲ್ಲಿ, ಎಲ್ಲೆಲ್ಲೂ ಅದೇ. ಒಳ್ಳೆಯ ಹಾಡೇ, ನನ್ನ ತಕರಾರೇನಿಲ್ಲ. ಆದರೆ 2009ರಲ್ಲಿ ಬಂದ ಇನ್ನೊಂದು ಹಾಡು ಕನ್ನಂಬಾಡಿ ಕಟ್ಟೆ ದಾಟಿ ನಮ್ಮ ನಾಲೆಗಳಿಗೆ ಇಳಿಯಲೇ ಇಲ್ಲ. ಅದು ಸ್ವರಾತ್ಮ ತಂಡದ 'ಪ್ಯಾಸಿ'.

ಸ್ವರಾತ್ಮ ಹುಟ್ಟಿದ್ದು 2002ರಲ್ಲಿ, ಬೆಂಗಳೂರಿನ ತಂಡ. ಮುಂದೆ ನಿಂತು ಹಾಡುವ ವಾಸು ದೀಕ್ಷಿತ್ ಮೈಸೂರಿನವರು. 2006ರಲ್ಲಿ ರೇಡಿಯೋ ಸಿಟಿ ಸ್ಪರ್ಧೆ ಗೆದ್ದ ಮೇಲೆ ಇವರ ಹೆಸರು ಓಡಾಡತೊಡಗಿತು. ಮೂರು ವರ್ಷಕ್ಕೆ ಮೊದಲ ಆಲ್ಬಂ. ಡ್ರಮ್ಸ್, ಬೇಸ್ ಗಿಟಾರ್ ಪಕ್ಕದಲ್ಲೇ ಪಿಟೀಲು ಇಟ್ಟುಕೊಂಡು, ಜನಪದದ ನಡೆಗೆ ರಾಕ್ ಕಟ್ಟುವವರು. ಆ ಆಲ್ಬಂನ 'ಈ ಭೂಮಿ' ಕನ್ನಡದ್ದು, ಅದನ್ನು ಕೇಳಿದವರು ನಮ್ಮ ಕಡೆಯೂ ಸಿಗುತ್ತಾರೆ. 'ಪ್ಯಾಸಿ' ಹಿಂದಿ. ಎರಡು ರಾಜ್ಯಗಳ ಜಗಳದ ನಡುವೆ ಕಾವೇರಿಯೇ ಬಾಯಾರಿ ನಿಂತಿರುವ ಹಾಡು. ಸಿನಿಮಾದ ಕಾವೇರಿ ತಾಯಿ. ಕೊಡುವುದೇ ಅವಳ ಕೆಲಸ. ಅವಳಿಗೂ ದಾಹ ಉಂಟು ಎಂದು ಯೋಚಿಸಿದವರು ಈ ಹುಡುಗರು.

ಕೊಡುವವಳಿಂದ ಕಿತ್ತುಕೊಳ್ಳುವುದರಲ್ಲಿ ನಮ್ಮ ಕಡೆಯವರು ಹಳೆಯ ಕೈಗಳು. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ನದಿಯ ಒಂದು ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ನೀರು ತರುತ್ತದೆ. ಹೊಳೆಯ ಮೇಲೆ ಹೊಳೆ ಹರಿಸಿದ ಧೈರ್ಯ ಅದು! ಆಮೇಲೆ ಚಿಕ್ಕದೇವರಾಜ ಒಡೆಯರ ನಾಲೆ. ಆಗ ಕೆಳಗಿನವರು ಕೇಳಿದ್ದರೋ ಇಲ್ಲವೋ, 1892ರ ಹೊತ್ತಿಗೆ ಮದರಾಸು ಕೇಳಿತು, ಮೈಸೂರು ಒಪ್ಪಂದಕ್ಕೆ ಸಹಿ ಹಾಕಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾದಾಗ ಅನುಮತಿ ಇದ್ದದ್ದು 11 ಟಿಎಂಸಿ ಹಿಡಿಯುವ ಕಟ್ಟೆಗೆ ಮಾತ್ರ. ವಿಶ್ವೇಶ್ವರಯ್ಯನವರು ಅಡಿಪಾಯ ಹಾಕಿಸಿದ್ದು ದೊಡ್ಡ ಕಟ್ಟೆಗೆ. ಈ ಜಾಣತನ ಹೇಳುವಾಗ ನಮ್ಮೂರ ಹಿರಿಯರ ಮುಖ ಅರಳುತ್ತದೆ, ನನ್ನದೂ. ಮದರಾಸಿನ ಕಡೆ ಕೂತು ಇದೇ ಕಥೆ ಕೇಳಿದವರಿಗೆ ಹೇಗನ್ನಿಸಿರಬೇಕು ಎಂದು ಯೋಚಿಸುವ ಅಭ್ಯಾಸ ನಮಗಿಲ್ಲ. 1924ರ ಒಪ್ಪಂದದ ಮೇಲೆ ಕಟ್ಟೆ ಈಗಿನ ಎತ್ತರಕ್ಕೆ ಬಂತು, 49 ಟಿಎಂಸಿ ಚಿಲ್ಲರೆ. ಹುಲಿಕೆರೆ ಸುರಂಗ ಹೊಕ್ಕು ಹೊರಟ ಇರ್ವಿನ್ ನಾಲೆ ಮಂಡ್ಯವನ್ನು ಕಬ್ಬಿನ ಸೀಮೆ ಮಾಡಿತು. ಅದೇ ಈಗ ವಿಶ್ವೇಶ್ವರಯ್ಯ ನಾಲೆ.

ನಮ್ಮಜ್ಜಿ ನಾಗಮಂಗಲದ ಬೆದ್ದಲು ಸೀಮೆಯವಳು, ಪಾಂಡವಪುರದ ಕಡೆ ನಾಲೆ ಬಯಲಿಗೆ ಮದುವೆಯಾಗಿ ಬಂದವಳು. "ನೀರಿರೋ ಊರಿಗೆ ಕೊಟ್ಟೆ ಅಂತ ನಮ್ಮಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ದ" ಅನ್ನುತ್ತಿದ್ದಳು. ಬಂದ ಮೇಲೂ ಪಾತ್ರೆ ತೊಳೆದ ನೀರನ್ನು ಸುಮ್ಮನೆ ಚೆಲ್ಲಿದವಳಲ್ಲ, ಹೀರೆ ಬಳ್ಳಿಯ ಬುಡಕ್ಕೇ ಸುರಿಯುತ್ತಿದ್ದಳು. ನಾಲೆಯ ಏರಿ ಒಡೆದು ರಾತ್ರೋರಾತ್ರಿ ತಮ್ಮ ಗದ್ದೆಗೆ ತಿರುಗಿಸಿಕೊಳ್ಳುವ ನೆಂಟರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹೇಮಾವತಿ ಕೆ.ಆರ್. ಪೇಟೆ ತಾಲ್ಲೂಕು ಹಾದು ಅಂಬಿಗರಹಳ್ಳಿ ಬಳಿ ಕಾವೇರಿಗೆ ಸೇರುತ್ತದೆ. ಪಕ್ಕದ ನಾಗಮಂಗಲದವರು ಅದೇ ಹೇಮಾವತಿಯ ನಾಲೆ ನೀರಿಗಾಗಿ ಕತ್ತೆತ್ತಿ ಕಾಯಬೇಕು. ಇತ್ತ ವಿಶ್ವೇಶ್ವರಯ್ಯ ನಾಲೆಯಲ್ಲಿ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿ ಶುರುವಾದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದವರು ಮೇಲಿನವರಾದ ನಮಗೆ ಹಾಕುವ ಶಾಪ, ನಾವು ತಮಿಳುನಾಡಿನಿಂದ ಕೇಳುವ ಶಾಪಕ್ಕಿಂತ ಖಾರ. ಪ್ಯಾಸಿಯ ದಾಹ ಗಡಿಯಲ್ಲಿ ಶುರುವಾಗುವುದಲ್ಲ, ನಮ್ಮ ತೂಬಿನಲ್ಲೇ ಶುರುವಾಗುತ್ತದೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶ, ಅದೇ ಡಿಸೆಂಬರಿನಲ್ಲಿ ಬೆಂಕಿ. 2007ರ ಅಂತಿಮ ತೀರ್ಪು ತಮಿಳುನಾಡಿಗೆ 419, ನಮಗೆ 270 ಟಿಎಂಸಿ ಎಂದಿತು. ಅದು ಗೆಜೆಟ್ಟಿಗೆ ಏರಿದ್ದು 2013ರಲ್ಲಿ. ಈ ನಡುವಿನ ಖಾಲಿಯಲ್ಲಿ, ಎರಡೂ ಕಡೆ ಹಲ್ಲು ಕಡಿಯುತ್ತಿದ್ದ ಕಾಲದಲ್ಲಿ, ಬಂದದ್ದು ಈ ಹಾಡು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ ನಾಯಕ ಪುಟ್ಟಣ್ಣಯ್ಯನವರು ತೀರಿಕೊಂಡದ್ದು ಅದಾಗಿ ಎರಡೇ ದಿನಕ್ಕೆ. ಗೆಲುವು ಅನ್ನಬೇಕೋ ಬೇಡವೋ ಎಂದು ಊರಲ್ಲಿ ಚರ್ಚೆ ಮುಗಿಯುವ ಮೊದಲೇ ಸೂತಕ.

ಹಾಡು ಇಲ್ಲಿ ಮುಟ್ಟದೇ ಹೋದದ್ದಕ್ಕೆ ಹಿಂದಿ ಕಾರಣ ಎನ್ನುತ್ತಾರೆ. ಪೂರ್ತಿ ಒಪ್ಪಲಾರೆ, ಹಿಂದಿ ಸಿನಿಮಾ ಹಾಡಿಗೆ ಕುಣಿಯದ ಮೆರವಣಿಗೆ ನಮ್ಮಲ್ಲಿ ಯಾವುದಿದೆ? ಈ ಹಾಡಿನಲ್ಲಿ ಬೈಯಲು ಯಾರೂ ಸಿಗುವುದಿಲ್ಲ, ಅದೇ ತೊಂದರೆ. ರಸ್ತೆ ತಡೆಗೆ ಕೂತವನಿಗೆ ಎದುರಾಳಿ ಬೇಕು. ಕನ್ನಡದಲ್ಲಿ ಬರೆದಿದ್ದರೆ 2016ರಲ್ಲಿ ನಾವೇ ಅದನ್ನು ಘೋಷಣೆ ಮಾಡಿ ಕೆಡಿಸಿಬಿಡುತ್ತಿದ್ದೆವು ಎಂಬ ಅನುಮಾನವೂ ನನಗಿದೆ.

ಮದ್ದೂರಿನ ಕೊನೆ ಭಾಗದಲ್ಲಿ ಗದ್ದೆಯಿರುವ ನಮ್ಮ ಭಾವಮೈದುನನಿಗೆ ಒಮ್ಮೆ ಕಾರಿನಲ್ಲಿ ಹಾಕಿ, ಅರ್ಥ ಹೇಳಿದೆ. ಸುಮ್ಮನೆ ಕೇಳಿ, "ಇದನ್ನ ತಮಿಳುನಾಡಿನೋರೂ ಕೇಳ್ತಾರಾ ಭಾವ?" ಅಂದ. ಕೇಳಿರಬಹುದು ಅಂದೆ. "ಅವ್ರು ಬುಡಿ, ಮೊದ್ಲು ನಿಮ್ಮೂರೋರಿಗೆ ಕೇಳ್ಸಿ" ಅಂದ.