ಗಿಗಾಹರ್ಟ್ಸ್ ಸೋತ ಕಥೆ

2003ರಲ್ಲಿ ಲ್ಯಾಪ್‌ಟಾಪ್ ಕೊಳ್ಳೋಕೆ ಹೋದವರ ಮುಂದೆ ಒಂದು ವಿಚಿತ್ರ ಪ್ರಶ್ನೆ ಇತ್ತು. ಒಂದರಲ್ಲಿ ಪೆಂಟಿಯಂ 4-ಎಂ ಪ್ರೊಸೆಸರ್, 2.4 ಗಿಗಾಹರ್ಟ್ಸ್. ಪಕ್ಕದ್ದರಲ್ಲಿ ಪೆಂಟಿಯಂ ಎಂ, 1.6 ಗಿಗಾಹರ್ಟ್ಸ್. ಎರಡೂ ಇಂಟೆಲ್‌ನವೇ. ಹೆಸರಲ್ಲೂ ಹೆಚ್ಚೇನು ವ್ಯತ್ಯಾಸವಿಲ್ಲ, ನಡುವೆ ಒಂದು 4 ಇದೆ, ಇನ್ನೊಂದರಲ್ಲಿ ಇಲ್ಲ, ಅಷ್ಟೇ. ಅಂಕಿ ನೋಡಿ ಆರಿಸೋದಾದರೆ 2.4 ತಾನೇ ದೊಡ್ಡದು? ಆದರೆ ತೆಳ್ಳಗಿನ, ಹಗುರವಾದ ಲ್ಯಾಪ್‌ಟಾಪ್ ಬೇಕು ಅನ್ನುವವರಿಗೆ ಸರಿಯಾದ ಉತ್ತರ 1.6 ಆಗಿತ್ತು.

ಈ ಗೊಂದಲ ಎಲ್ಲಿಂದ ಬಂತು ಅಂತ ತಿಳಿಯೋಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

2000ದ ಮಾರ್ಚ್ 6ರಂದು ಎಎಂಡಿ ಕಂಪನಿ 1 ಗಿಗಾಹರ್ಟ್ಸ್‌ನ ಅಥ್ಲಾನ್ ಚಿಪ್ಪು ಬಿಡುಗಡೆ ಮಾಡಿತು. ಎರಡೇ ದಿನದಲ್ಲಿ ಇಂಟೆಲ್ ಕೂಡ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ತಂದು ನಿಲ್ಲಿಸಿತು. ಆಗ ಪೈಪೋಟಿ ಇದ್ದದ್ದು ಹೀಗೆ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಪೆಂಟಿಯಂ 4 ಅಂತೂ ಈ ಅಂಕಿಯ ಓಟಕ್ಕಾಗಿಯೇ ಹುಟ್ಟಿದ ಹಾಗಿತ್ತು.

ಅದರ ಗುಟ್ಟು ಪೈಪ್‌ಲೈನ್. ಮದುವೆ ಮನೆಯಲ್ಲಿ ಹೋಳಿಗೆ ಮಾಡೋದನ್ನ ನೆನಪಿಸಿಕೊಳ್ಳಿ. ಒಬ್ಬರು ಕಣಕ ಹರಿದುಕೊಡ್ತಾರೆ, ಒಬ್ಬರು ಹೂರಣ ತುಂಬ್ತಾರೆ, ಒಬ್ಬರು ತಟ್ತಾರೆ, ಒಬ್ಬರು ಬೇಯಿಸ್ತಾರೆ. ಕೆಲಸವನ್ನು ಇನ್ನೂ ಸಣ್ಣಸಣ್ಣದಾಗಿ ಒಡೆದು ಸಾಲು ಉದ್ದ ಮಾಡಿದರೆ ಪ್ರತಿಯೊಬ್ಬರ ಕೈ ಇನ್ನೂ ಬೇಗ ಓಡುತ್ತೆ. ಪೆಂಟಿಯಂ 4ರಲ್ಲಿ ಹೀಗೆ 20 ಹಂತಗಳಿದ್ದವು. ಕೈ ಓಡುವ ವೇಗವೇ ಗಿಗಾಹರ್ಟ್ಸ್.

ಆದರೆ ಪ್ರೊಸೆಸರ್ ಮುಂದೇನು ಬರುತ್ತೆ ಅಂತ ಊಹೆ ಮಾಡಿಕೊಂಡೇ ಕೆಲಸ ಶುರುಮಾಡುತ್ತೆ. ಊಹೆ ತಪ್ಪಿದರೆ? ಹೋಳಿಗೆ ಬೇಯೋ ಹೊತ್ತಿಗೆ ‘ಕೇಳಿದ್ದು ಕಡುಬು’ ಅಂತ ಗೊತ್ತಾದ ಹಾಗೆ. ಸಾಲಿನಲ್ಲಿರೋದನ್ನೆಲ್ಲ ಬಿಸಾಕಿ ಮೊದಲಿಂದ ಶುರು. ಸಾಲು ಉದ್ದವಾದಷ್ಟೂ ನಷ್ಟ ಜಾಸ್ತಿ, ಸೌದೆಯೂ ದಂಡ. ಹಾಗಾಗಿ ಮೊದಮೊದಲ 1.5 ಗಿಗಾಹರ್ಟ್ಸ್ ಪೆಂಟಿಯಂ 4, ಎಷ್ಟೋ ಕೆಲಸಗಳಲ್ಲಿ 1 ಗಿಗಾಹರ್ಟ್ಸ್‌ನ ಹಳೇ ಪೆಂಟಿಯಂ 3ರ ಮುಂದೆಯೇ ಪರದಾಡುತ್ತಿತ್ತು.

ಎಎಂಡಿಗೂ ಈ ಅಂಕಿಯ ಬಿಸಿ ತಟ್ಟಿತು. 2001ರಲ್ಲಿ ಅದು ತನ್ನ 1.53 ಗಿಗಾಹರ್ಟ್ಸ್ ಚಿಪ್ಪಿಗೆ ‘1800+’ ಅಂತ ಹೆಸರಿಟ್ಟಿತು. ನಿಜವಾದ ವೇಗ ಹೇಳಿದರೆ ಜನ ಕೊಳ್ಳಲ್ಲ ಅನ್ನೋ ಭಯ. ಗಿರಾಕಿಗೆ ದೊಡ್ಡ ಅಂಕಿಯ ಚಟ ಅಷ್ಟು ಹತ್ತಿತ್ತು.

ಮೇಜಿನ ಮೇಲಿನ ಕಂಪ್ಯೂಟರ್‌ಗೆ ಬಿಸಿ ದೊಡ್ಡ ಸಮಸ್ಯೆಯಲ್ಲ. ದೊಡ್ಡ ಫ್ಯಾನ್ ಹಾಕಿದರೆ ಆಯ್ತು. ತೊಡೆಯ ಮೇಲಿಟ್ಟುಕೊಳ್ಳೋ ಲ್ಯಾಪ್‌ಟಾಪಿನ ಕಥೆ ಬೇರೆ. ಅದರೊಳಗೆ ಗಾಳಿಯಾಡೋಕೆ ಜಾಗವಿಲ್ಲ, ಬ್ಯಾಟರಿಗೆ ಮಿತಿ ಇದೆ. 2002ರಲ್ಲಿ ಪೆಂಟಿಯಂ 4ನ್ನೇ ಒಂದಿಷ್ಟು ಹದ ಮಾಡಿ ಲ್ಯಾಪ್‌ಟಾಪ್‌ಗೆ ಕೊಟ್ಟಾಗ, ಅದರ 2.4 ಗಿಗಾಹರ್ಟ್ಸ್ ಮಾದರಿಗೆ 35 ವಾಟ್ ಬಿಸಿಯನ್ನು ಹೊರಹಾಕುವ ವ್ಯವಸ್ಥೆ ಬೇಕಾಯಿತು. ಅಂದರೆ ದಪ್ಪ ಪೆಟ್ಟಿಗೆ, ಭಾರದ ತಾಮ್ರ, ಗುಂಯ್‌ಗುಡುವ ಫ್ಯಾನ್.

ಬೇರೆ ದಾರಿ ಹುಡುಕಿದವರು ಇಸ್ರೇಲಿನ ಹೈಫಾದಲ್ಲಿದ್ದರು. ಇಂಟೆಲ್ 1974ರಲ್ಲೇ ಅಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು. ಅಲ್ಲಿನ ತಂಡ ಕಡಿಮೆ ಬೆಲೆಯ ಕಂಪ್ಯೂಟರ್‌ಗಳಿಗಾಗಿ ‘ಟಿಮ್ನಾ’ ಅನ್ನೋ ಚಿಪ್ಪು ಮಾಡಿತ್ತು. 2000ದಲ್ಲಿ, ಮಾರುಕಟ್ಟೆಗೆ ಬರೋ ಮೊದಲೇ ಕಂಪನಿ ಅದನ್ನು ರದ್ದು ಮಾಡಿತು. ಇಷ್ಟು ದಿನದ ದುಡಿಮೆ ನೀರಲ್ಲಿ ಹೋಮ. ಆದರೆ ಇದ್ದುದರಲ್ಲೇ ಹೆಚ್ಚು ಮಾಡೋದು ಹೇಗೆ ಅಂತ ಕಲಿತ ಕೈಗಳು ಉಳಿದುಕೊಂಡಿದ್ದವು.

ಅವರ ಮುಂದಿನ ಚಿಪ್ಪೇ ‘ಬನಿಯಾಸ್’. ಗೋಲಾನ್ ಬೆಟ್ಟಗಳಲ್ಲಿರುವ ಒಂದು ಚಿಲುಮೆಯ ಊರಿನ ಹೆಸರದು. ಅವರು ಪೆಂಟಿಯಂ 4ರ ಉದ್ದ ಸಾಲನ್ನು ಪಕ್ಕಕ್ಕಿಟ್ಟು, ಪೆಂಟಿಯಂ 3ರ ವಂಶದ ಚಿಕ್ಕ ಸಾಲಿಗೆ ಮರಳಿದರು. ಊಹೆ ತಪ್ಪದ ಹಾಗೆ ಊಹಿಸುವ ಭಾಗವನ್ನು ಬಲಪಡಿಸಿದರು. ಎರಡು ಸಣ್ಣ ಕೆಲಸಗಳನ್ನು ಒಂದೇ ಗಂಟು ಕಟ್ಟಿ ಕಳಿಸಿದರು. ಪೆಂಟಿಯಂ 4-ಎಂನ ಎರಡರಷ್ಟು, ಅಂದರೆ 1 ಎಂಬಿ ಕ್ಯಾಶ್ ಕೊಟ್ಟು, ಅದರಲ್ಲಿ ಬೇಕಾದ ಭಾಗಕ್ಕೆ ಮಾತ್ರ ವಿದ್ಯುತ್ ಹರಿಯುವ ಹಾಗೆ ಮಾಡಿದರು.

ಇಲ್ಲಿ ಇನ್ನೊಂದು ಲೆಕ್ಕವಿದೆ. ಚಿಪ್ಪು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜಿನ ಜೊತೆ ಮಾತ್ರ ಅದರ ವರ್ಗದಂತೆ ಏರುತ್ತೆ. ವೋಲ್ಟೇಜ್ ಅರ್ಧವಾದರೆ ಬಳಕೆ ಕಾಲು ಭಾಗಕ್ಕಿಳಿಯುತ್ತೆ. ಬನಿಯಾಸ್ ಬಿಡುವಿನಲ್ಲಿ 1.6 ಗಿಗಾಹರ್ಟ್ಸ್‌ನಿಂದ 600 ಮೆಗಾಹರ್ಟ್ಸ್‌ಗೆ ಇಳಿಯುತ್ತಿತ್ತು, ಜೊತೆಗೆ ವೋಲ್ಟೇಜನ್ನೂ ಸುಮಾರು 1.5ರಿಂದ 1ರ ಒಳಕ್ಕೆ ಇಳಿಸುತ್ತಿತ್ತು. ಪೂರ್ತಿ ವೇಗದಲ್ಲಿ 24.5 ವಾಟ್, ಇಳಿದಾಗ ಬರೀ 6 ವಾಟ್. ನಾವು ಟೈಪ್ ಮಾಡ್ತಾ, ಓದ್ತಾ ಕೂತಿರುವ ಹೊತ್ತೆಲ್ಲ ಪ್ರೊಸೆಸರ್‌ಗೆ ಬಿಡುವೇ ತಾನೇ? ಬ್ಯಾಟರಿ ಉಳಿಯೋದೇ ಅಲ್ಲಿ.

ತಾಂತ್ರಿಕ ಕೆಲಸ ಮುಗಿದರೂ ದೊಡ್ಡ ತಲೆನೋವು ಬಾಕಿ ಇತ್ತು. ‘ಅಂಕಿ ದೊಡ್ಡದಿದ್ದರೆ ಒಳ್ಳೆಯದು’ ಅಂತ ಜನಕ್ಕೆ ಪಾಠ ಹೇಳಿಕೊಟ್ಟ ಕಂಪನಿಯೇ ಈಗ ಸಣ್ಣ ಅಂಕಿಯ ಚಿಪ್ಪು ಮಾರಬೇಕು. ಹೇಗೆ? 2003ರ ಮಾರ್ಚ್ 12ರಂದು ಇಂಟೆಲ್ ಅದನ್ನು ‘ಸೆಂಟ್ರಿನೋ’ ಅನ್ನೋ ಹೆಸರಿನಡಿ ಬಿಡುಗಡೆ ಮಾಡಿತು. ಪೆಂಟಿಯಂ ಎಂ, ಅದರ ಚಿಪ್‌ಸೆಟ್, ವೈಫೈ ಮೂರೂ ಸೇರಿದರೆ ಸೆಂಟ್ರಿನೋ. ಜಾಹೀರಾತು ಮಾತಾಡಿದ್ದು ವೈರ್ ಇಲ್ಲದ ಸ್ವಾತಂತ್ರ್ಯದ ಬಗ್ಗೆ. ಗಿಗಾಹರ್ಟ್ಸ್ ಹಿಂದಕ್ಕೆ ಸರಿಯಿತು. ಸೆಂಟ್ರಿನೋ ಅಂದರೆ ಪ್ರೊಸೆಸರ್ ಹೆಸರು ಅಂದುಕೊಂಡವರು ಎಷ್ಟು ಜನವೋ!

ಕೊಂಡವರಿಗೆ ಮೋಸವಾಗಲಿಲ್ಲ. ದಿನನಿತ್ಯದ ಕೆಲಸಗಳಲ್ಲಿ 1.6ರ ಪೆಂಟಿಯಂ ಎಂ, 2.4ರ ಪೆಂಟಿಯಂ 4-ಎಂಗೆ ಸಮಸಮ ನಿಲ್ಲುತ್ತಿತ್ತು, ಅದೂ ಕಡಿಮೆ ಬಿಸಿಯಲ್ಲಿ. ಥಿಂಕ್‌ಪ್ಯಾಡ್ ಟಿ40ಯಂಥ ತೆಳು ಲ್ಯಾಪ್‌ಟಾಪ್‌ಗಳು ಬಂದದ್ದು ಇದರ ಬೆನ್ನಿಗೇ.

ಅತ್ತ ಪೆಂಟಿಯಂ 4 ಗೋಡೆಗೆ ಮುಖ ಮಾಡಿ ಓಡುತ್ತಿತ್ತು. 2004ರ ಹೊಸ ಮಾದರಿಯಲ್ಲಿ ಹಂತಗಳು 31ಕ್ಕೇರಿದವು, ಬಿಸಿಯೂ ಏರಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟಿತು. ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಒಂದು ಸಮಾವೇಶದಲ್ಲಿ ತಮಾಷೆಗೆ ಮಂಡಿಯೂರಿ ಕ್ಷಮೆ ಕೇಳಿದರು. 2005ರಲ್ಲಿ ಆಪಲ್ ಇಂಟೆಲ್ ಕಡೆಗೆ ಬಂದಾಗ ಸ್ಟೀವ್ ಜಾಬ್ಸ್ ಕೊಟ್ಟ ಕಾರಣವೂ ಒಂದು ವಾಟ್‌ಗೆ ಎಷ್ಟು ಕೆಲಸ ಅನ್ನೋದೇ. 2006ರಲ್ಲಿ ಹೈಫಾದ ಕೋರ್ 2 ಡ್ಯುಯೊ ಬಂದು, ಮೇಜಿನ ಮೇಲಿನ ಪೆಂಟಿಯಂ 4ನ್ನೂ ಮನೆಗೆ ಕಳಿಸಿತು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತೆ. ಇಂಟೆಲ್‌ನ ಇಲ್ಲಿನ ತಂಡ ‘ವೈಟ್‌ಫೀಲ್ಡ್’ ಅನ್ನೋ ಸರ್ವರ್ ಚಿಪ್ಪಿನ ಕೆಲಸದಲ್ಲಿತ್ತು. ಹೌದು, ನಮ್ಮ ವೈಟ್‌ಫೀಲ್ಡೇ. 2005ರಲ್ಲಿ ಅದೂ ರದ್ದಾಯಿತು, ಟಿಮ್ನಾದ ಹಾಗೆ. ಅದೇ ತಂಡ 2008ರಲ್ಲಿ ಆರು ಕೋರ್‌ಗಳ ‘ಡನಿಂಗ್ಟನ್’ ಸರ್ವರ್ ಚಿಪ್ಪನ್ನು ಹೊರತಂದಿತು. ಅದರೊಳಗಿನ ಕೋರ್‌ಗಳು ಕೋರ್ 2 ವಂಶದವು, ಅಂದರೆ ಬೇರು ಬನಿಯಾಸ್‌ನಲ್ಲಿದೆ. ತೊಡೆ ಸುಡಬಾರದು ಅಂತ ಮಾಡಿದ ಚಿಪ್ಪಿನ ಸಂತಾನ ಸರ್ವರ್ ಕೋಣೆಯವರೆಗೂ ಹೋಯಿತು.

ಇವತ್ತು ನೀವು ಎರಡು ತೆಳು ಲ್ಯಾಪ್‌ಟಾಪ್‌ಗಳ ನಡುವೆ ಕೂತಿದ್ದರೆ ಅಂಕಿಗಳು ಬದಲಾಗಿವೆ, ಆಟ ಅದೇ. ‘5 ಗಿಗಾಹರ್ಟ್ಸ್‌ವರೆಗೆ’ ಅಂತ ಬರೆದಿರುತ್ತಾರೆ. ಆ ‘ವರೆಗೆ’ ಎಷ್ಟು ಸೆಕೆಂಡು ಅಂತ ಬರೆದಿರಲ್ಲ. ಒಂದೇ ಪ್ರೊಸೆಸರನ್ನು ಒಬ್ಬ ತಯಾರಕ 15 ವಾಟ್‌ಗೆ, ಇನ್ನೊಬ್ಬ 28 ವಾಟ್‌ಗೆ ಹೊಂದಿಸಿರಬಹುದು, ಹೆಸರು ಮಾತ್ರ ಒಂದೇ. ಅದಕ್ಕೇ ವೇಗ ಕೇಳೋ ಮೊದಲು ವಾಟ್ ಕೇಳಿ. ಅರ್ಧ ಗಂಟೆ ಸತತ ಕೆಲಸ ಕೊಟ್ಟಮೇಲೂ ಅದೇ ವೇಗ ಉಳಿಯುತ್ತಾ, ಫ್ಯಾನ್ ಎಷ್ಟು ಕೂಗುತ್ತೆ, ಕೆಳಗೆ ಕೈ ಇಟ್ಟರೆ ಎಷ್ಟು ಸುಡುತ್ತೆ ನೋಡಿ. 2003ರಲ್ಲಿ 2.4 ಅನ್ನೋ ಅಂಕಿ ನೋಡಿ ಕೊಂಡವರು ಇಷ್ಟು ಕೇಳಿದ್ದಿದ್ದರೆ ಆ ಬಿಸಿ ಪೆಟ್ಟಿಗೆಯನ್ನು ಹೊತ್ತು ತಿರುಗೋದು ತಪ್ಪುತ್ತಿತ್ತು.